ದಂಟು ಬಿಟ್ಟು ಕೊಯ್ದ ಹೂ

ಹೂದಾನಿಯ ನೀರನ್ನು ಕೆಲವು ದಿನ ಬದಲಾಯಿಸದೆ ಬಿಟ್ಟರೆ ಒಂದು ವಾಸನೆ ಹುಟ್ಟುತ್ತದೆ. ಕೊಳೆತ ದಂಟಿನದು, ಸ್ವಲ್ಪ ಕೆರೆಯ ಕೆಸರಿನದು. ಈ ಸೆಪ್ಟೆಂಬರಿನಲ್ಲಿ ಮಸ್ಕತ್ತಿನ ಒಂದು ಪತ್ರಿಕಾಗೋಷ್ಠಿಯಲ್ಲಿ ನನಗೆ ಮೊದಲ ಸಾಲಿನ ಕುರ್ಚಿ ಸಿಕ್ಕಿತು. ವೇದಿಕೆಯ ಮೇಜಿನ ಗಾಜಿನ ಹೂದಾನಿ ಮೂಗಿನ ನೇರಕ್ಕೇ ಇತ್ತು. ಮಾತಾಡುತ್ತಿದ್ದವರು ಬಂದರಿನ ವಿಸ್ತರಣೆಯ ಬಗ್ಗೆ ಹೇಳುತ್ತಿದ್ದರು. ನಾನು ಬರೆದುಕೊಳ್ಳುತ್ತಲೇ ಇದ್ದೆ, ಕೈಗೆ ಅದು ಅಭ್ಯಾಸ. ಆದರೆ ಮನಸ್ಸು ಆಗಲೇ ಸಾವಿರ ಕಿಲೋಮೀಟರು ದಾಟಿ ಸಲಾಲಾದ ಒಂದು ತೋಟದಲ್ಲಿತ್ತು. ಅಲ್ಲಿ ವಾರಿಜಕ್ಕ ಬಕೆಟಿನ ಹಳೆಯ ನೀರನ್ನು ಬಾಳೆಯ ಬುಡಕ್ಕೆ ಚೆಲ್ಲುತ್ತಿದ್ದರು.

ಸಲಾಲಾ ಒಮಾನಿನ ದಕ್ಷಿಣದ ತುದಿ. ಜುಲೈ, ಆಗಸ್ಟಿನಲ್ಲಿ ದೇಶದ ಉಳಿದ ಭಾಗ ಕಾದ ಕಾವಲಿಯಂತಿರುವಾಗ ಅಲ್ಲಿ ಮಾತ್ರ ಜಿನುಗು ಮಳೆ. ಆ ಕಾಲಕ್ಕೆ ಖರೀಫ್ ಎಂದು ಹೆಸರು. ಗುಡ್ಡಗಳು ಹಸಿರಾಗುತ್ತವೆ, ಮಂಜು ರಸ್ತೆಗೆ ಇಳಿಯುತ್ತದೆ, ಒಂಟೆಗಳು ದಾರಿ ಬಿಡದೆ ನಿಲ್ಲುತ್ತವೆ. ಮಳೆಯಲ್ಲಿ ಕೂರಲೆಂದೇ ಕೊಲ್ಲಿಯ ನಾನಾ ಊರುಗಳಿಂದ ಜನ ಮರುಭೂಮಿ ದಾಟಿ ಬರುತ್ತಾರೆ. ಚಾಪೆ ಹಾಸಿ, ಮಾಂಸ ಸುಟ್ಟುಕೊಂಡು, ನೆನೆಯುತ್ತ ಕೂರುತ್ತಾರೆ. ಕೆಲವು ವರ್ಷಗಳ ಹಿಂದಿನ ಒಂದು ಖರೀಫಿನಲ್ಲಿ ಈ ಪ್ರವಾಸಿಗರ ವರದಿ ಮಾಡಲು ನಮ್ಮ ಪತ್ರಿಕೆ ನನ್ನನ್ನು ಅಲ್ಲಿಗೆ ಕಳಿಸಿತು. ಜುಲೈಯಲ್ಲಿ ಹೋದವಳು ಅಕ್ಟೋಬರಿನಲ್ಲಿ ಮರಳಿದೆ. ಕಳಿಸಿದ ವರದಿಗಳಲ್ಲಿ ಈಗ ನೆನಪಿರುವಂಥದ್ದು ಒಂದೂ ಇಲ್ಲ. ನೆನಪಿರುವುದು ಬೇರೆ.

ನಾನು ಇಳಿದುಕೊಂಡದ್ದು ಪೇಟೆಯ ಹಳೆಯ ಭಾಗದ ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿ. ನೆಲಮಹಡಿಯಲ್ಲಿ ಮೋನಾಕನ ಬಕಾಲ. ಕಿರಾಣಿ ಅಂಗಡಿಗೆ ಅಲ್ಲಿ ಹಾಗೆನ್ನುತ್ತಾರೆ. ಮೋನಾಕ ಉಳ್ಳಾಲದ ಬ್ಯಾರಿ, ಗಡ್ಡ ಪೂರ್ತಿ ಬೆಳ್ಳಗಾದವರು. ಮೊದಲ ದಿನ ಹಾಲು ತರಲು ಹೋದಾಗ ನನ್ನ ಕನ್ನಡ ಕೇಳಿ ಊರು ಯಾವುದೆಂದು ವಿಚಾರಿಸಿದರು.

“ಪುತ್ತೂರು,” ಎಂದೆ.

“ಪುತ್ತೂರಿನವರಿಗೆ ಇದು ಮಳೆಯಾ? ನಮ್ಮ ಫ್ರಿಜ್ಜಿನ ಬಾಗಿಲು ತೆಗೆದರೆ ಇದಕ್ಕಿಂತ ಹೆಚ್ಚು ನೀರು ಬೀಳ್ತದೆ.”

ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ವಿಮ್ಟೋ ಶರಬತ್ತಿನ ಖಾಲಿ ಬಾಟಲಿಯೊಂದರಲ್ಲಿ ಹೂ ಇತ್ತು. ಜೀನಿಯಾ: ಒಂದು ಕಡುಗುಲಾಬಿ, ಒಂದು ಕಿತ್ತಳೆ, ಜೊತೆಗೆ ಹೂಬಿಟ್ಟ ಕಾಮಕಸ್ತೂರಿಯ ಒಂದು ಕಡ್ಡಿ. ಮೂರೂ ಬೇರೆ ಬೇರೆ ಎತ್ತರದಲ್ಲಿದ್ದವು. ಸಾಬೂನು, ಬ್ಯಾಟರಿ, ಫೋನ್ ಕಾರ್ಡುಗಳ ನಡುವೆ ಆ ಬಾಟಲಿ ಇರುವುದರಿಂದ ಇಡೀ ಅಂಗಡಿ ಯಾರನ್ನೋ ಕಾಯುತ್ತಿರುವ ಹಾಗೆ ಕಾಣುತ್ತಿತ್ತು.

“ಯಾರು ಇಟ್ಟದ್ದು ಇದು?”

“ಮೇಲಿನ ವಾರಿಜಕ್ಕ. ತಿನ್ಲಿಕ್ಕೆ ಆಗದ್ದನ್ನು ಬೆಳೆಸ್ತಾರೆ. ಬಸಳೆ ಹಾಕಿ ಮಾರಾಯ್ತಿ, ನಾನು ಮಾರಿಕೊಡ್ತೇನೆ ಅಂದೆ. ಕೇಳುದೇ ಇಲ್ಲ.”

ವಾರಿಜಕ್ಕ ಕಟಪಾಡಿಯವರು. ನನಗಿಂತ ಹತ್ತು ಹನ್ನೆರಡು ವರ್ಷ ಹಿರಿಯರಿರಬೇಕು. ಗಂಡ ಜಯಂತಣ್ಣ ಒಂದು ವ್ಯಾಪಾರಿ ಕಂಪನಿಯಲ್ಲಿ ಲೆಕ್ಕ ನೋಡುತ್ತಿದ್ದರು. ಮಗಳು ಪ್ರಾಪ್ತಿ ಹತ್ತನೆಯ ತರಗತಿ. ತುಳುವಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ, ಆದರೆ ಹಸಿವಾದಾಗ ಮಾತ್ರ ಅಚ್ಚ ತುಳುವಿನಲ್ಲಿ ಕೂಗುವ ಹುಡುಗಿ.

ಒಂದು ಶುಕ್ರವಾರ ವಾರಿಜಕ್ಕ ನನ್ನನ್ನು ತಮ್ಮ ಜಾಗಕ್ಕೆ ಕರೆದೊಯ್ದರು. ದಹಾರೀಜ್ ಎಂಬ ಕಡೆ ಸಮುದ್ರಕ್ಕೆ ಒತ್ತಿಕೊಂಡೇ ತೆಂಗು, ಬಾಳೆ, ಪಪ್ಪಾಯಿಯ ತೋಟಗಳಿವೆ. ಅವುಗಳಲ್ಲೊಂದರ ಒಮಾನಿ ಯಜಮಾನರು ಅಂಚಿನ ಖಾಲಿ ನೆಲವನ್ನು ಸಣ್ಣ ಸಣ್ಣ ತುಂಡು ಮಾಡಿ ಕೆಲವು ಭಾರತೀಯ ಕುಟುಂಬಗಳಿಗೆ ಬೆಳೆಸಿಕೊಳ್ಳಲು ಕೊಟ್ಟಿದ್ದರು. ಉಳಿದವರೆಲ್ಲ ಹರಿವೆ, ಬೆಂಡೆ, ಬಸಳೆ ಹಾಕಿದ್ದರು. ವಾರಿಜಕ್ಕನ ತುಂಡಿನಲ್ಲಿ ಮಾತ್ರ ಹೂ. ಜೀನಿಯಾದ ಸಾಲುಗಳು, ಗೊಂಡೆ, ಹಿಂದೆ ಕೋಳಿಜುಟ್ಟು, ಬದಿಯಲ್ಲಿ ಕಾಮಕಸ್ತೂರಿ, ಸೊಪ್ಪು ಕೊಯ್ಯದೆ ಹೂವಿಗೆ ಬಿಟ್ಟ ಸಬ್ಬಸಿಗೆ. ಜಿನುಗು ಮಳೆಗೆ ಎಲೆಗಳಿಗೆ ಬೂದಿರೋಗ ಹಿಡಿದಿತ್ತು. ಬಿಸಿಲಿಲ್ಲದೆ ಹೂಗಳು ಅಲ್ಲೊಂದು ಇಲ್ಲೊಂದು.

“ಮದುವೆ ಆಗುವ ತನಕ ದಿನಾ ಬೆಳಿಗ್ಗೆ ಮಲ್ಲಿಗೆ ಕೊಯ್ದವಳು ನಾನು. ಸೂರ್ಯ ಬರುವ ಮೊದಲು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಮಾರಾಟಕ್ಕೆ ಕಳಿಸುದು. ಮನೆಗೆ ಅಂತ ಒಂದು ಹೂ ಉಳಿಸಿದ್ದಿಲ್ಲ. ಇದು ಮಾರ್ಲಿಕ್ಕೆ ಅಲ್ಲ, ಮುಡೀಲಿಕ್ಕೆ ಅಲ್ಲ, ದೇವರಿಗೂ ಅಲ್ಲ.”

“ಮತ್ತೆ?”

“ನೋಡ್ಲಿಕ್ಕೆ,” ಎಂದರು, ಸ್ವಲ್ಪ ನಾಚಿಕೊಂಡು.

ಕೊಯ್ಯುವ ಕ್ರಮವನ್ನು ಅವರು ಮೊಬೈಲಿನಲ್ಲಿ ನೋಡಿ ಕಲಿತದ್ದು. ಹೂವಿನಿಂದ ಒಂದು ಗೇಣು ಕೆಳಗೆ ದಂಟು ಹಿಡಿದು ಮೆಲ್ಲನೆ ಅಲುಗಿಸಬೇಕು. ಕುತ್ತಿಗೆ ಬಾಗಿದರೆ ಇನ್ನೂ ಎಳಸು, ನೆಟ್ಟಗೆ ನಿಂತರೆ ಕೊಯ್ಯಬಹುದು. ಕತ್ತರಿಯಲ್ಲಿ ಓರೆಯಾಗಿ, ಎಲೆಯ ಜೋಡಿಯೊಂದರ ಮೇಲೆ, ದಂಟು ಎಷ್ಟು ಉದ್ದ ಸಿಕ್ಕಿದರೆ ಅಷ್ಟು. ಬುಡದ ಎಲೆ ತೆಗೆದು ಕೂಡಲೇ ಬಕೆಟಿನ ನೀರಿಗೆ. ಜೋಡಿಸುವ ಕ್ರಮ ಮಾತ್ರ ಯಾರೂ ಕಲಿಸಿದ್ದಲ್ಲ. ನಾನು ಮೊದಲ ಸಲ ಬಾಟಲಿಗೆ ಹೂ ಇಟ್ಟಾಗ ನಕ್ಕುಬಿಟ್ಟರು.

“ಹಾಗೆ ಒಂದೇ ಎತ್ತರಕ್ಕೆ ಬೇಡ ಮಾರಾಯ್ತಿ, ಶಾಲೆಯ ಗ್ರೂಪ್ ಫೋಟೋದ ಹಾಗೆ ಕಾಣ್ತದೆ. ಬಸ್ಸು ಕಾಯುವವರನ್ನು ನೋಡಿದ್ದಿ ಅಲ್ವಾ? ಒಬ್ಬ ರಸ್ತೆ ನೋಡ್ತಾನೆ, ಒಬ್ಬ ಆಚೆ ತಿರುಗಿರ್ತಾನೆ, ಒಬ್ಬಳು ಮಗುವಿನ ಹತ್ತಿರ ಬಗ್ಗಿರ್ತಾಳೆ. ಹಾಗೆ ಇರ್ಲಿ.”

ಅಂದಿನಿಂದ ನನ್ನ ಶುಕ್ರವಾರಗಳು ಅಲ್ಲಿ ಕಳೆದವು. ಎಂಟು ಗಂಟೆಗೆ ನಾನು ಇಳಿದು ಬರದಿದ್ದರೆ ಕೆಳಗಿನಿಂದ ವಾರಿಜಕ್ಕ ಪಾತ್ರೆ ಬಡಿಯುತ್ತಿದ್ದರು. ಒಮಾನಿನಲ್ಲಿ ನಾನು ಹಲವು ವರ್ಷ ಇದ್ದೇನೆ. ನಾನು ಬರುವುದು ತಡವಾಯಿತೆಂದು ಒಬ್ಬರು ಪಾತ್ರೆ ಬಡಿದದ್ದು ಆ ಒಂದು ಮಳೆಗಾಲದಲ್ಲಿ ಮಾತ್ರ.

ಆಗಸ್ಟಿನಲ್ಲಿ ಸುದ್ದಿ ಬಂತು. ಜಯಂತಣ್ಣನ ಕಂಪನಿ ಸಲಾಲಾದ ಶಾಖೆ ಮುಚ್ಚುತ್ತಿದೆ, ಅವರಿಗೆ ದುಕ್ಮ್‌ಗೆ ವರ್ಗ. ದುಕ್ಮ್ ಎಂದರೆ ಮರುಭೂಮಿಯ ಅಂಚಿನ ಹೊಸ ಬಂದರು. ಅಲ್ಲಿ ಕ್ಯಾಂಪಿನಲ್ಲಿ ಇನ್ನಿಬ್ಬರ ಜೊತೆ ಒಂದು ಕೋಣೆ, ಸಂಸಾರಕ್ಕೆ ಜಾಗವಿಲ್ಲ. ಸಲಾಲಾದ ಕಂಪನಿ ಮನೆಯನ್ನು ಸೆಪ್ಟೆಂಬರಿನ ಕೊನೆಗೆ ಬಿಡಬೇಕು. ಜಯಂತಣ್ಣ ಎರಡು ಚೀಲ ಹಿಡಿದು ಕಂಪನಿ ಬಸ್ಸು ಹತ್ತಿದರು. ಪ್ರಾಪ್ತಿಯ ಬೋರ್ಡ್ ಪರೀಕ್ಷೆ ಫೆಬ್ರವರಿಯಲ್ಲಿ. ವರ್ಷದ ನಡುವೆ ಅವಳನ್ನು ಕಿತ್ತು ಉಡುಪಿಯ ಶಾಲೆಗೆ ಹಾಕುವುದು, ಇಲ್ಲವೇ ಹೇಗಾದರೂ ಮಾಡಿ ಪರೀಕ್ಷೆಯವರೆಗೆ ಸಲಾಲಾದಲ್ಲೇ ಸ್ವಂತ ಬಾಡಿಗೆಯಲ್ಲಿ ಉಳಿಯುವುದು. ಒಬ್ಬರ ಸಂಬಳದಲ್ಲಿ ಎರಡನೆಯದು ಸಾಧ್ಯವಿರಲಿಲ್ಲ.

ಹೋಟೆಲಿನ ವಿಷಯ ಹುಟ್ಟಿದ್ದು ಮೋನಾಕನ ಅಂಗಡಿಯಲ್ಲಿ. ಸಮುದ್ರದಂಡೆಯ ಒಂದು ದೊಡ್ಡ ಹೋಟೆಲಿನ ಹೌಸ್‌ಕೀಪಿಂಗ್ ಮುಖ್ಯಸ್ಥೆ ಮರಿಸೆಲ್ ಎಂಬ ಫಿಲಿಪೀನ್ಸಿನ ಹೆಂಗಸು ಒಂದು ಸಂಜೆ ಶಾಂಪೂ ಕೊಳ್ಳಲು ಬಂದವಳು ಆ ಬಾಟಲಿಯನ್ನು ಬಹಳ ಹೊತ್ತು ನೋಡಿದಳು. ಹೋಟೆಲಿಗೆ ಹೂ ಮಸ್ಕತ್ತಿನಿಂದ ತಣ್ಣನೆಯ ಲಾರಿಯಲ್ಲಿ ಬರುತ್ತದೆ, ಬರುವಷ್ಟರಲ್ಲಿ ಅರ್ಧ ಸತ್ತಿರುತ್ತದೆ ಎಂದಳು. ಜೋಡಿಸಿದವರು ಯಾರೆಂದು ಕೇಳಿದಳು. ಮೋನಾಕ ಎಂಥ ವ್ಯಾಪಾರಿಯೆಂದರೆ, ಶಾಂಪೂ ಕಟ್ಟುವ ಮೊದಲೇ ವಾರಿಜಕ್ಕನನ್ನು ಕೆಳಗೆ ಕರೆಸಿದರು. ಮಾತು ನಿಂತದ್ದು ಹೀಗೆ: ಸೆಪ್ಟೆಂಬರಿನ ನಡುವೆ ಒಂದು ಗುರುವಾರ ಹೋಟೆಲಿನ ಮೊಗಸಾಲೆಯ ಮೂರು ಮೇಜುಗಳಿಗೆ ಹೂ ಜೋಡಿಸಿ ತೋರಿಸಬೇಕು. ಸರಿಹೋದರೆ ಮರಿಸೆಲ್ ಮ್ಯಾನೇಜರಿಗೆ ಹೇಳಿ ವಾರಿಜಕ್ಕನನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾಳೆ. ಆ ಕೆಲಸ ಸಿಕ್ಕಿದರೆ ಬಾಡಿಗೆ ಆಯಿತು, ಪ್ರಾಪ್ತಿಯ ಪರೀಕ್ಷೆ ಆಯಿತು.

“ಆಗ್ತದಾ ಶೈಲಾ?” ವಾರಿಜಕ್ಕ ಮೆಟ್ಟಿಲಿನಲ್ಲಿ ನನ್ನನ್ನು ಕೇಳಿದರು.

“ಬಿಸಿಲು ಬಂದರೆ ಆಗ್ತದೆ,” ಎಂದೆ.

ಬಿಸಿಲು ಬಂತು. ಖರೀಫ್ ಮುಗಿದ ಮೇಲಿನ ಕಾಲಕ್ಕೆ ಅಲ್ಲಿಯ ಜನ ಸರ್ಬ್ ಎನ್ನುತ್ತಾರೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಮೋಡ ಗುಡ್ಡದ ಹಿಂದಕ್ಕೆ ಸರಿದಿರುತ್ತದೆ. ನೆಲ ಹಸಿರು, ಆಕಾಶ ನೀಲಿ, ಸಮುದ್ರ ತಿಂಗಳುಗಟ್ಟಲೆ ಮಾಡಿದ ಗಲಾಟೆ ನಿಲ್ಲಿಸಿರುತ್ತದೆ. ಪ್ರವಾಸಿಗರು ಮಳೆ ಮುಗಿಯಿತೆಂದು ಹೊರಟುಹೋಗಿರುತ್ತಾರೆ. ಊರು ಅತ್ಯಂತ ಚಂದ ಇರುವುದು ನೋಡುವವರಿಲ್ಲದ ಆ ವಾರಗಳಲ್ಲಿ. ನಾನು ಈಗಲೂ ಸೆಪ್ಟೆಂಬರ್ ಬಂತೆಂದರೆ ಮಸ್ಕತ್ತಿನ ಕಿಟಕಿಯಲ್ಲಿ ಆ ಬೆಳಕನ್ನು ಹುಡುಕುತ್ತೇನೆ. ಇಲ್ಲಿ ಅದು ಬರುವುದಿಲ್ಲ.

ಬಿಸಿಲು ತಾಗಿದ್ದೇ ಜೀನಿಯಾ ಸಾಲುಗಳು ಎದ್ದವು. ವಾರಿಜಕ್ಕ ಆ ವಾರ ಒಂದು ಹೂವನ್ನೂ ಕೊಯ್ಯಲಿಲ್ಲ. ಮೋನಾಕನ ಬಾಟಲಿ ಸಹ ಖಾಲಿ. “ನನ್ನ ಅಂಗಡಿಗೆ ಬಂದವರು ಈಗ ಸೀದಾ ಬೆಲೆ ಕೇಳ್ತಾರೆ, ಹೂ ನೋಡಿ ಸ್ವಲ್ಪ ಮೆತ್ತಗೆ ಆಗ್ತಿದ್ದರು,” ಎಂದು ಮೋನಾಕ ದೂರಿದರು.

ಅದೇ ವಾರ ಕಲ್ಯಾಣಿಯಮ್ಮ ಬಂದರು. ಅವರು ಜಯಂತಣ್ಣನ ತಾಯಿ, ಭೇಟಿ ವೀಸಾದಲ್ಲಿ ಬಂದವರು. ಮನೆಯ ಸಾಮಾನು ಕಟ್ಟಿ ಹೊರಡುವುದೋ ಇರುವುದೋ ತಿಳಿಯದ ಹೊತ್ತಿನಲ್ಲಿ ಸೊಸೆಗೆ ಆಸರೆಯಾಗಲೆಂದು ಮಗನೇ ಕರೆಸಿದ್ದ. ಎತ್ತರ ಕಡಿಮೆ, ಮಾತು ಜಾಸ್ತಿ. ಕಟಪಾಡಿಯಲ್ಲಿ ಇಂದಿಗೂ ಅವರದೇ ಮಲ್ಲಿಗೆ ಗಿಡಗಳು. ಸೊಸೆ ಅವರನ್ನು ತುಳುವಿನ ಕ್ರಮದಂತೆ ‘ಮಾಮಿ’ ಎನ್ನುತ್ತಿದ್ದರು. ಮಾತೆಲ್ಲ ತುಳುವಿನಲ್ಲೇ ನಡೆಯುತ್ತಿತ್ತು, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

ಬುಧವಾರ ಸಂಜೆ ಊಟಕ್ಕೆ ನನ್ನನ್ನೂ ಕರೆದಿದ್ದರು. ಗಂಜಿ, ಒಣಮೀನಿನ ಚಟ್ನಿ. ವಾರಿಜಕ್ಕ ಹೇಳಿದರು: “ನಾಳೆ ಹೋಟೆಲಿಗೆ ಹೂ ಕೊಯ್ಯಬೇಕು ಮಾಮಿ. ಪ್ರಾಪ್ತಿಯನ್ನು ಶಾಲೆ ಬಸ್ಸು ಹತ್ತಿಸಿ, ಶೈಲಾನ ಜೊತೆ ಹೋಗುದು.”

“ಬಸ್ಸು ಹತ್ತಿಸಿಯಾ?” ಕಲ್ಯಾಣಿಯಮ್ಮ ಗಂಜಿಯ ಬಟ್ಟಲು ಕೆಳಗಿಟ್ಟರು. “ಸೂರ್ಯ ಬಂದ ಮೇಲೆ ಕೊಯ್ದ ಹೂ ಹೂವಾ? ಮದುವೆಯಾಗಿ ಪರದೇಶಕ್ಕೆ ಬಂದ ಮೇಲೆ ಕಲಿತದ್ದೆಲ್ಲ ಮರೆತಿ ನೀನು.”

“ಇದು ಬೇರೆ ಹೂ ಮಾಮಿ,” ಎಂದಷ್ಟೇ ಹೇಳಿ ವಾರಿಜಕ್ಕ ನಕ್ಕರು. ಹೋಟೆಲಿನ ಮೇಜು, ಹೂದಾನಿ, ಇವೆಲ್ಲ ಆ ಮಾತಿನಲ್ಲಿ ಬರಲಿಲ್ಲ. ಬರಬೇಕೆಂದು ನಮ್ಮಲ್ಲಿ ಯಾರಿಗೂ ತೋಚಲೂ ಇಲ್ಲ.

ಮರುದಿನ ಬೆಳಿಗ್ಗೆ ನಾನು ಇಳಿದು ಬಂದಾಗ ವಾರಿಜಕ್ಕ ಅಂಗಳದ ನಲ್ಲಿಯಲ್ಲಿ ಹೋಟೆಲಿನವರು ಕೊಟ್ಟ ಮೂರು ಗಾಜಿನ ಹೂದಾನಿ ತೊಳೆಯುತ್ತಿದ್ದರು. ಪ್ರಾಪ್ತಿ ಸಮವಸ್ತ್ರದಲ್ಲಿ ಶಾಲೆಯ ಬಸ್ಸಿಗೆ ನಿಂತಿದ್ದಳು. “ಮಾಮಿ ಎಲ್ಲಿ ಕಾಣುದಿಲ್ಲ, ಮೋನಾಕನ ಹತ್ತಿರ ಪಟ್ಟಾಂಗಕ್ಕೆ ಕೂತಿರಬೇಕು,” ಎಂದು ವಾರಿಜಕ್ಕ ಹೇಳುವಷ್ಟರಲ್ಲಿ ಮೋನಾಕನ ಪಿಕಪ್ ಬಂದು ನಿಂತಿತು. ಮುಂದಿನ ಬಾಗಿಲಿನಿಂದ ಕಲ್ಯಾಣಿಯಮ್ಮ ಇಳಿದರು. ಸೀರೆಯ ಅಂಚು ಮೊಣಕಾಲಿನವರೆಗೆ ಒದ್ದೆ. ಬೆಳಗಿನ ನಮಾಜು ಮುಗಿಸಿ ತರಕಾರಿ ಮಾರುಕಟ್ಟೆಗೆ ಹೊರಟಿದ್ದ ಮೋನಾಕನನ್ನು ಅವರು ದಾರಿಯಲ್ಲಿ ತಡೆದು, ಸೊಸೆಯ ಜಾಗ ತೋರಿಸು ಎಂದು ಪಿಕಪ್ ಹತ್ತಿದ್ದರಂತೆ.

ಹಿಂದೆ ಈರುಳ್ಳಿಯ ಅಗಲ ಟ್ರೇಯಲ್ಲಿ ಬಾಳೆಲೆ ಹಾಸಿತ್ತು, ಮೇಲೆ ಒದ್ದೆ ಬಟ್ಟೆ. ಕಲ್ಯಾಣಿಯಮ್ಮ ಬಟ್ಟೆ ಸರಿಸಿದರು.

ಅಷ್ಟು ಬಣ್ಣ ಒಂದೇ ಕಡೆ ನಾನು ಮತ್ತೆ ನೋಡಿಲ್ಲ. ಜೀನಿಯಾ, ಗೊಂಡೆ, ಅರಳಿದ್ದು, ಅರೆ ಅರಳಿದ್ದು, ಮೊಗ್ಗು. ಬಣ್ಣ ಬಣ್ಣಕ್ಕೆ ಬೇರೆ ಬೇರೆ ರಾಶಿ. ಒಂದು ಎಸಳೂ ಜಜ್ಜಿರಲಿಲ್ಲ. ಒಂದು ಹೂವಿಗೂ ದಂಟು ಇರಲಿಲ್ಲ.

“ನೋಡಿ ವಾರಿಜಕ್ಕ, ಎಂಥ ಕೈ!” ಮೋನಾಕ ಹೆಮ್ಮೆಯಿಂದ ಹೇಳಿದರು. “ಎರಡೂ ಕೈಯಲ್ಲಿ ಕೊಯ್ತಾರೆ, ಮೆಶಿನ್ ಹಾಗೆ. ನಾನು ಟಾರ್ಚ್ ಹಿಡಿದದ್ದು ಮಾತ್ರ.”

“ಎಲ್ಲ ಕೊಯ್ದಿರಾ ಮಾಮಿ?” ವಾರಿಜಕ್ಕನ ಸ್ವರ ಎಂದಿನಂತೆಯೇ ಇತ್ತು.

“ಎಲ್ಲ. ಮೊಗ್ಗು ಸಮೇತ. ಬಿಟ್ಟರೆ ಹುಳ ತಿನ್ನುದಲ್ವಾ. ಹೋಟೆಲಿನವರು ದೊಡ್ಡ ಜನ, ಕಡಿಮೆ ಬೀಳಬಾರದು ನ್ಯಾಯವಾಗಿ. ಆ ಕೋಳಿಜುಟ್ಟು ಮಾತ್ರ ಬಿಟ್ಟೆ. ಅದನ್ನು ಯಾರು ಮುಡೀತಾರೆ?”

ನಮ್ಮ ಕಡೆ ಹೂ ಕೊಯ್ಯುವುದೆಂದರೆ ಕುತ್ತಿಗೆಯಲ್ಲಿ ಚಿವುಟುವುದು. ಮುಡಿಗೆ ದಂಟು ಬೇಡ, ದೇವರಿಗೆ ಬೇಡ, ಮಾಲೆಗೆ ಬೇಡ. ಹೂವಿನ ಜೊತೆ ದಂಟು ಮುರಿದರೆ ಗಿಡದ ಕೈ ಮುರಿದೆ ಎಂದು ಬೈಯುತ್ತಾರೆ. ಅರುವತ್ತು ವರ್ಷ ದಿನವೂ ಮಾಡಿದ ಕೆಲಸವನ್ನು ಅವರು ಆ ಬೆಳಿಗ್ಗೆ ಸಲಾಲಾದಲ್ಲಿ ಪ್ರೀತಿಯಿಂದ, ಒಂದೂ ತಪ್ಪಿಲ್ಲದೆ ಮಾಡಿದ್ದರು.

ಪ್ರಾಪ್ತಿಯೇ ಮೊದಲು ಬಾಯಿ ಬಿಟ್ಟಳು. “ಅಮ್ಮಾ, ವೇರ್ ಆರ್ ದ ಸ್ಟೆಮ್ಸ್?”

“ಎಂತ ಹೇಳಿದ್ದು ಅವಳು?” ಕಲ್ಯಾಣಿಯಮ್ಮ ಕೇಳಿದರು.

“ಚಂದ ಉಂಟಂತೆ,” ಎಂದರು ವಾರಿಜಕ್ಕ.

ಶಾಲೆಯ ಬಸ್ಸು ಬಂತು. ಪ್ರಾಪ್ತಿ ಹತ್ತಿದಳು. ಕಿಟಕಿಯಿಂದ ಅಮ್ಮನನ್ನೇ ನೋಡುತ್ತ ಹೋದಳು. ಕಲ್ಯಾಣಿಯಮ್ಮ ಮೊಮ್ಮಗಳ ಮುಖ ನೋಡಿದರು, ಸೊಸೆಯ ಕೈಯಲ್ಲಿದ್ದ ಉದ್ದನೆಯ ಗಾಜಿನ ಹೂದಾನಿ ನೋಡಿದರು. ಟ್ರೇಯಿಂದ ಒಂದು ಕಡುಗುಲಾಬಿ ಜೀನಿಯಾ ಎತ್ತಿ ಹೂದಾನಿಯ ಬಾಯಿಯ ಮೇಲಿಟ್ಟರು. ಅದು ಒಂದು ಕ್ಷಣ ನಿಂತು, ಒಳಗೆ ಬಿತ್ತು. ಗಾಜಿನ ತಳದಲ್ಲಿ ಮುಖ ಕೆಳಗಾಗಿ ಬಿದ್ದುಕೊಂಡಿತು.

“ಇದಕ್ಕೆ ಕಾಲು ಬೇಕಿತ್ತಾ ಮಗಾ?” ಎಂದರು, ಬಹಳ ಸಣ್ಣ ಸ್ವರದಲ್ಲಿ.

ಮೋನಾಕ ತಲೆಯ ಟೊಪ್ಪಿ ತೆಗೆದು ಮತ್ತೆ ಇಟ್ಟುಕೊಂಡರು. ವಾರಿಜಕ್ಕ ಹೂದಾನಿಯನ್ನು ಬಗ್ಗಿಸಿ ಹೂವನ್ನು ಅಂಗೈಗೆ ತೆಗೆದುಕೊಂಡರು. “ನಮ್ಮಲ್ಲಿ ಹೂವಿಗೆ ಕಾಲು ಎಲ್ಲಿ ಉಂಟು ಮಾಮಿ? ತಲೆಯ ಮೇಲೆಯೇ ಕೂತುಕೊಂಡು ಹೋಗುದಲ್ವಾ,” ಎಂದು ಅದನ್ನು ಅತ್ತೆಯ ತುರುಬಿಗೆ ಸಿಕ್ಕಿಸಿದರು. ಆಮೇಲೆ ನನ್ನ ಕಡೆ ತಿರುಗಿ, “ಯಲ್ಲಾ, ಹೋಗುವ. ಏನಾದರೂ ಉಳಿದಿರ್ತದೆ,” ಎಂದರು.

ಉಳಿದದ್ದು ಕೋಳಿಜುಟ್ಟು, ಕಾಮಕಸ್ತೂರಿ, ಸಬ್ಬಸಿಗೆ. ಜೀನಿಯಾ ಸಾಲುಗಳು ತಲೆ ಬೋಳಿಸಿಕೊಂಡು ನಿಂತಿದ್ದವು. ವಾರಿಜಕ್ಕ ಸಾಲಿನ ಉದ್ದಕ್ಕೂ ಒಮ್ಮೆ ನಡೆದರು. ಬಾವಿಕಟ್ಟೆಯ ಹತ್ತಿರ ಕೂತು ಒಂದೇ ಹೂದಾನಿಗೆ ಜೋಡಿಸಿದರು: ಕಡುಗೆಂಪು ಕೋಳಿಜುಟ್ಟು ಐದು, ಕಾಮಕಸ್ತೂರಿಯ ನೇರಳೆ ತೆನೆಗಳು, ಮೇಲೆ ಸಬ್ಬಸಿಗೆಯ ಹಳದಿ ಕೊಡೆಗಳು, ಹಿಂದೆ ಒಣಗಿದ ಬಾಳೆಲೆಯ ಒಂದು ಸುರುಳಿ. ಮೂರು ಸಲ ಬಿಚ್ಚಿ ನಾಲ್ಕನೆಯ ಸಲ ಬಿಟ್ಟರು. ವರದಿಗಾರ್ತಿಯಾಗಿ ನಾನು ಎಷ್ಟೋ ಉದ್ಘಾಟನೆಗಳ ಎಷ್ಟೋ ಹೂದಾನಿ ನೋಡಿದ್ದೇನೆ. ಅದಕ್ಕಿಂತ ಚೆನ್ನಾದದ್ದು ನೋಡಿಲ್ಲ.

ಮರಿಸೆಲ್ ಅದನ್ನು ಮೊಗಸಾಲೆಯ ನಡುಮೇಜಿನ ಮೇಲಿಟ್ಟು ಸುತ್ತ ಒಂದು ಸುತ್ತು ಬಂದಳು. ಫೋಟೋ ತೆಗೆದಳು. ಆಮೇಲೆ ಖಾಲಿ ಇದ್ದ ಇನ್ನೆರಡು ಮೇಜುಗಳನ್ನು ನೋಡಿದಳು.

“ಇದು ತುಂಬ ಚೆನ್ನಾಗಿದೆ. ಆದರೆ ನನಗೆ ಪ್ರತಿ ಗುರುವಾರ ಮೂರು ಬೇಕು. ಒಂದನ್ನು ತೋರಿಸಿ ಮ್ಯಾನೇಜರನ್ನು ಒಪ್ಪಿಸಲಾರೆ. ನಿಮ್ಮ ಹೂ ಮತ್ತೆ ಯಾವಾಗ ಬರುತ್ತದೆ?”

“ಎರಡು ವಾರ,” ಎಂದರು ವಾರಿಜಕ್ಕ.

“ಹಾಗಾದರೆ ಎರಡು ವಾರ ಬಿಟ್ಟು ಮೂರು ತನ್ನಿ. ನಾನು ಬೇರೆಯವರನ್ನು ನೋಡುವುದಿಲ್ಲ.”

ಮಾತು ನೇರವಾಗಿತ್ತು, ನ್ಯಾಯವಾಗಿಯೂ ಇತ್ತು. ಇಲ್ಲದೆ ಹೋದದ್ದು ಆ ಎರಡು ವಾರ. ಉಡುಪಿಯ ಶಾಲೆಯವರು ದಸರಾ ರಜೆಗೆ ಮೊದಲು ಬಂದು ಸೇರದಿದ್ದರೆ ಸೀಟು ಬೇರೆಯವರಿಗೆ ಎಂದಿದ್ದರು. ವಾರಿಜಕ್ಕ ಫೋನು ಮಾಡಿ ಒಂದು ವಾರದ ಅವಧಿ ಕೇಳಿದರು, ಆಗುವುದಿಲ್ಲವೆಂದರು. ಕಂಪನಿಯವರಲ್ಲಿ ಮನೆಯನ್ನು ಇನ್ನೂ ಸ್ವಲ್ಪ ದಿನ ಇಟ್ಟುಕೊಳ್ಳಬಹುದೇ ಎಂದು ಕೇಳಿದರು, ಆ ಮನೆಗೆ ಬೇರೆ ಜನ ಬರುವುದು ಆಗಲೇ ನಿಶ್ಚಯವಾಗಿತ್ತು. ಎರಡನ್ನೂ ಕೈಬಿಟ್ಟು ಬರೀ ಮರಿಸೆಲ್‌ಳ ಮಾತು ನಂಬಿ ಕೂರಬಹುದಿತ್ತು. ದುಕ್ಮ್‌ನಿಂದ ಜಯಂತಣ್ಣ ಫೋನಿನಲ್ಲಿ, “ನೀನು ಹೇಳಿದ ಹಾಗೆ ಮಾಡುವ,” ಎಂದರಂತೆ. ಹೇಳುವ ಭಾರ ತನ್ನ ಮೇಲೆ ಬಿದ್ದಾಗ ವಾರಿಜಕ್ಕ ಮಗಳ ಪರೀಕ್ಷೆಯನ್ನು ಪಣಕ್ಕಿಡಲಿಲ್ಲ.

ಆ ಗುರುವಾರ ಮಧ್ಯಾಹ್ನ ನಾವು ಹೋಟೆಲಿನಿಂದ ಮರಳಿದಾಗ ಕಲ್ಯಾಣಿಯಮ್ಮ ನೆಲದ ಮೇಲೆ ಕಾಲು ಚಾಚಿ ಕೂತು ಟ್ರೇಯ ಹೂವನ್ನೆಲ್ಲ ಬಾಳೆನಾರಿನಲ್ಲಿ ಕಟ್ಟಿ ಮುಗಿಸಿದ್ದರು. ಆ ಕಟ್ಟಡದ ಎಲ್ಲ ಮನೆಗೂ ಒಂದೊಂದು ತುಂಡು ಹೋಯಿತು. ಸಂಜೆ ಮೆಟ್ಟಿಲು ಹತ್ತಿ ಇಳಿಯುವ ಹೆಂಗಸರ ತಲೆಯಲ್ಲೆಲ್ಲ ಜೀನಿಯಾ. ಮೂರನೆಯ ಮಹಡಿಯ ತಮಿಳು ಟೀಚರು ಚೆನ್ನಾಗಿದೆ ಎಂದು ಹೇಳಲು ಬಂದರೆ ಕಲ್ಯಾಣಿಯಮ್ಮ ಎದ್ದು ಒಳಗೆ ಹೋದರು. ಉಳಿದ ದಿನಗಳಲ್ಲಿ ಅವರ ಮಾತು ಕಡಿಮೆಯಾಯಿತು. ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುವ ಕೆಲಸ ಪೂರ್ತಿ ತಾವೇ ಮಾಡಿದರು, ಬೇರೆಯವರಿಗೆ ಮುಟ್ಟಲು ಬಿಡಲಿಲ್ಲ.

ಹೊರಡುವ ದಿನ ಮೋನಾಕ ಅಂಗಡಿ ಮುಚ್ಚಿ ಪಿಕಪ್ ತಂದರು. ವಿಮಾನ ನಿಲ್ದಾಣದಲ್ಲಿ ವಾರಿಜಕ್ಕ ಚೀಲದಿಂದ ಕತ್ತರಿ ತೆಗೆದು, “ಕೈಚೀಲದಲ್ಲಿ ಇದನ್ನು ಬಿಡುದಿಲ್ಲ ಇವರು, ನೀನು ಇಟ್ಟುಕೋ,” ಎಂದರು. ಪ್ರಾಪ್ತಿ ಮೋನಾಕನಿಗೆ, “ಬೈ ಅಂಕಲ್,” ಎಂದಳು. “ಫಸ್ಟ್ ಕ್ಲಾಸ್ ಬಾರದಿದ್ದರೆ ಕಟಪಾಡಿಗೇ ಬಂದು ಬೈತೇನೆ,” ಎಂದು ಮೋನಾಕ ಅವಳ ಕೈಗೆ ಚಾಕಲೇಟಿನ ಡಬ್ಬಿ ತುರುಕಿದರು. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ನಾನು ತಯಾರಾಗಿ ಕೂತಿದ್ದೆ. ಕೆಳಗಿನಿಂದ ಸದ್ದಿರಲಿಲ್ಲ.

ಅದರ ಮುಂದಿನ ವಾರ ತೋಟದ ಕೆಲಸಗಾರ ರಫೀಕ್ ಫೋನು ಮಾಡಿದ. “ದೀದಿ, ಫೂಲ್ ಬಹುತ್ ಆಯಾ. ಆಕೇ ದೇಖೋ.”

ಹೋಗಿ ನೋಡಿದೆ. ತುದಿ ಚಿವುಟಿದ ಗಿಡ ಒಂದು ಕವಲಿನ ಜಾಗದಲ್ಲಿ ಎರಡು ಹೊರಡಿಸುತ್ತದೆ. ಸೇವಂತಿಗೆ ಬೆಳೆಯುವವರಿಗೆಲ್ಲ ಇದು ಗೊತ್ತು. ಕಲ್ಯಾಣಿಯಮ್ಮ ಒಂದು ತುದಿಯನ್ನೂ ಬಿಟ್ಟಿರಲಿಲ್ಲ. ಸರ್ಬಿನ ಬಿಸಿಲು ಅದರ ಮೇಲೆ ಬಿದ್ದಿತ್ತು. ಸಾಲುಗಳ ನಡುವೆ ಕಾಲಿಡಲು ಜಾಗವಿರಲಿಲ್ಲ. ಮೊದಲು ಇದ್ದದ್ದರ ಎರಡರಷ್ಟು ಹೂ, ಎಲ್ಲ ನೆಟ್ಟಗೆ, ಉದ್ದ ದಂಟಿನ ಮೇಲೆ.

ಒಮಾನಿನಲ್ಲಿ ವಾಟ್ಸಾಪ್ ಕರೆಗೆ ಅನುಮತಿ ಇಲ್ಲ, ಧ್ವನಿ ಸಂದೇಶ ಕಳಿಸಬಹುದು. ಒಂದು ಫೋಟೋ ಕಳಿಸಿ, ಏನು ಮಾಡಲಿ ಎಂದು ಕೇಳಿದೆ.

“ಕೊಯ್ಯಿ,” ಎಂದಿತು ವಾರಿಜಕ್ಕನ ಸ್ವರ. “ಗಿಡದಲ್ಲಿ ಒಣಗಲಿಕ್ಕೆ ಬಿಡಬೇಡ. ನಾಳೆ ಗುರುವಾರ ಅಲ್ವಾ, ಹೋಟೆಲಿಗೇ ಕೊಡು. ಎರಡು ವಾರ ಅಂತ ನಾನು ಹೇಳಿದ್ದು. ಅವಳು ಬೇರೆಯವರನ್ನು ನೋಡದೆ ಕೂತಿದ್ದರೆ?”

ಗುರುವಾರ ಬೆಳಿಗ್ಗೆ ಎರಡು ಬಕೆಟು ತುಂಬ ಹೂ ಹಿಡಿದು ನಾನು ಮತ್ತು ಮೋನಾಕ ಹೋಟೆಲಿನ ಹಿಂಬಾಗಿಲಿನಲ್ಲಿ ನಿಂತೆವು. ಮರಿಸೆಲ್ ಬಕೆಟುಗಳನ್ನು ನೋಡಿ ಎರಡೂ ಕೈ ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ನಮ್ಮ ಹಿಂದೆ ನೋಡಿದಳು.

“ಆಕೆ ಎಲ್ಲಿ?”

“ಊರಿಗೆ ಹೋದರು.”

“ರಜೆಗಾ?”

“ಅಲ್ಲ.”

ಕೊಲ್ಲಿಯಲ್ಲಿ ಈ ಎರಡನೆಯ ಉತ್ತರಕ್ಕೆ ವಿವರಣೆ ಯಾರೂ ಕೇಳುವುದಿಲ್ಲ. ಮರಿಸೆಲ್ ಮೂರು ಹೂದಾನಿ ತಂದು ನನ್ನ ಮುಂದಿಟ್ಟಳು. “ಹಾಗಾದರೆ ಈ ಒಂದು ವಾರ ನೀವು,” ಎಂದಳು.

ನಾನು ಮೊದಲನೆಯದನ್ನು ಜೋಡಿಸಿ ಫೋಟೋ ಕಳಿಸಿದೆ. ಕಟಪಾಡಿಯಿಂದ ಕೂಡಲೇ ಸ್ವರ ಬಂತು. “ಕಿತ್ತಳೆ ಎಲ್ಲ ಒಂದೇ ಕಡೆ ಗುಂಪು ಕೂತಿದೆ, ಜಗಳ ಮಾಡಿದವರ ಹಾಗೆ. ಒಂದನ್ನು ಎಡಕ್ಕೆ ತೆಗಿ. ಆ ಕೆಂಪಿನ ದಂಟು ಎರಡು ಬೆರಳು ಕತ್ತರಿಸು.” ಕತ್ತರಿಸಿದೆ. ಮತ್ತೊಂದು ಫೋಟೋ. “ಬಿಳಿಯದ್ದನ್ನು ಯಾಕೆ ಅಡಗಿಸಿದ್ದಿ? ಮೇಲೆ ಬರ್ಲಿ.” ಹಿಂದಿನಿಂದ ಕಲ್ಯಾಣಿಯಮ್ಮನ ಸ್ವರ ಕೇಳಿಸಿತು: “ಬುಡದ ಎಲೆ ತೆಗೆದಿದ್ದಾಳಾ ಕೇಳು. ನೀರು ಕೊಳೀತದೆ.” “ತೆಗೆದಿದ್ದಾಳೆ ಮಾಮಿ.” “ಯಾವುದಕ್ಕೂ ಕೇಳು ನೀನು.”

ಹಾಗೆಯೇ ಎರಡನೆಯದು, ಮೂರನೆಯದು. ಅತಿಥಿಗಳು ಪೆಟ್ಟಿಗೆ ಎಳೆದುಕೊಂಡು ಹೋಗುವಾಗ ನಿಂತು ನೋಡುತ್ತಿದ್ದರು. ಒಬ್ಬ ಮುದುಕರು ಫೋಟೋ ತೆಗೆಯಲೇ ಎಂದು ನನ್ನನ್ನು ಕೇಳಿದರು. ಮೋನಾಕ ನನಗಿಂತ ಮುಂಚೆ, “ಪ್ಲೀಸ್, ಪ್ಲೀಸ್,” ಎಂದರು. ಮೂರು ಹೂದಾನಿಗಳೂ ಮೂರು ಮೇಜಿನ ಮೇಲೆ ಕೂತ ಮೇಲೆ ಬಾಗಿಲಿನ ಹತ್ತಿರ ಹಿಂದಕ್ಕೆ ಸರಿದು ಇಡೀ ಮೊಗಸಾಲೆಯ ಒಂದು ಫೋಟೋ ತೆಗೆದು ಕಳಿಸಿದೆ. ಗಾಜಿನಾಚೆ ಸಮುದ್ರ ಕಾಣುತ್ತಿತ್ತು.

ಎರಡು ನೀಲಿ ಗೆರೆ ಬಿದ್ದವು. ಅವರು ನೋಡಿದ್ದಾರೆ. ಆದರೆ ಏನೂ ಬರಲಿಲ್ಲ. ಕಾಯುತ್ತ ನಾನು ನಡುಮೇಜಿನ ಹತ್ತಿರ ಹೋಗಿ ಒಂದು ಹೂವನ್ನು ಸ್ವಲ್ಪ ತಿರುಗಿಸಿದೆ, ಪಕ್ಕದ್ದನ್ನು ಸ್ವಲ್ಪ ಎತ್ತಿದೆ, ಮತ್ತೆ ಇಳಿಸಿದೆ. ಅದನ್ನೂ ಫೋಟೋ ತೆಗೆದು ಕಳಿಸಿದೆ.

ಬಹಳ ಹೊತ್ತಿನ ಮೇಲೆ ಒಂದು ಸಂದೇಶ ಬಂತು. ಮೊದಲು ದೂರದಲ್ಲಿ, ದಸರಾ ರಜೆಯಲ್ಲೂ, ಪ್ರಾಪ್ತಿ ಯಾವುದೋ ಪಾಠವನ್ನು ಗಟ್ಟಿಯಾಗಿ ಓದುತ್ತಿರುವುದು ಕೇಳಿಸಿತು.

“ಸಾಕು ಮಾರಾಯ್ತಿ,” ಎಂದರು ವಾರಿಜಕ್ಕ. “ಇನ್ನು ಕೈ ತೆಗಿ.”